ದುಂಡಮ್ಮ ಹಾಕಿದ ಗಂಟು

ನಾನು ಒಂದು ಹಗ್ಗ. ಕತ್ತಾಳೆ ನಾರಿನ ಹಗ್ಗ, ಹನ್ನೆರಡು ಮಾರು ಉದ್ದ, ಹೆಬ್ಬೆರಳಿನಷ್ಟು ದಪ್ಪ. ನೋಡಿದವರೆಲ್ಲ ಗಟ್ಟಿಮುಟ್ಟಾದ ಹಗ್ಗ ಎನ್ನುತ್ತಾರೆ. ಆದರೆ ನಾನು ಹುಟ್ಟಾ ಪುಕ್ಕಲು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನೀವು ನನ್ನಿಂದ ಶೂರತನದ ಕಥೆ ಬಯಸಿ ಬೇಸರಪಟ್ಟುಕೊಳ್ಳಬಾರದು. ಹಗ್ಗಕ್ಕೆಂಥ ಭಯ ಎಂದು ನಗಬೇಡಿ. ಹಗ್ಗಕ್ಕೆ ಇರುವುದು ಒಂದೇ ಭಯ, ಹರಿದುಹೋಗುವ ಭಯ. ಆ ಭಯ ನನಗೆ ಹುಟ್ಟಿದ ದಿನವೇ ಅಂಟಿಕೊಂಡಿತು.

ಬೆಟ್ಟದ ಬುಡದಲ್ಲಿ ಬಿದರಟ್ಟಿ ಎಂಬ ಊರು. ಅಲ್ಲಿ ಸಿದ್ದಾಜಮ್ಮ ಎಂಬಾಕೆ ಹಗ್ಗ ಹೊಸೆಯುತ್ತಿದ್ದಳು. ಬೇಲಿಯ ಕತ್ತಾಳೆ ಕಡಿದು ತಂದು, ಕೆರೆಯ ಕೆಸರಿನಲ್ಲಿ ಹದಿನೈದು ದಿನ ಹೂತಿಟ್ಟು, ಆಮೇಲೆ ತೆಗೆದು ಕಲ್ಲಿಗೆ ಚಚ್ಚುತ್ತಿದ್ದಳು. ಆ ವಾಸನೆಗೆ ಊರ ನಾಯಿಗಳೂ ಹತ್ತಿರ ಸುಳಿಯುತ್ತಿರಲಿಲ್ಲ. ತೊಳೆದು ಒಣಗಿಸಿದರೆ ಮಾತ್ರ ನಾರು ಬೆಳ್ಳಗೆ, ಮುದುಕಿಯ ಕೂದಲಿನ ಹಾಗೆ ಹೊಳೆಯುತ್ತಿತ್ತು. ಅಂಥ ಮೂರು ಎಳೆ ಸೇರಿಸಿ ಹೊಸೆದರೆ ಒಂದು ಹಗ್ಗ.

ನನ್ನನ್ನು ಹೊಸೆಯುವಾಗ ಮೂರನೇ ಎಳೆಗೆ ನಾರು ಸಾಲಲಿಲ್ಲ. ಕೊಕ್ಕೆ ತಿರುಗಿಸುತ್ತಿದ್ದ ಅವಳ ನಾದಿನಿ ಕೈ ನಿಲ್ಲಿಸಿ, "ಅತ್ಗೆ, ಒಂದ್ ಗೇಣು ನಾರು ಕಮ್ಮಿ ಬಂತು" ಎಂದಳು.

"ಆ ಹಳೇ ಗೋಣಿ ಎಳೆ ಬಿಚ್ಚಿ ಸೇರ್ಸು. ಒಳಗಡೆ ಕುಂತ್ಕೊಂಡ್ರೆ ಯಾರ್ಗ್ ಕಾಣ್ತದೆ?" ಎಂದಳು ಸಿದ್ದಾಜಮ್ಮ.

ಹೀಗೆ ನನ್ನ ಒಂದು ತುದಿಯಿಂದ ಮೂರು ಮಾರು ದೂರದಲ್ಲಿ, ಒಂದು ಗೇಣಿನಷ್ಟು ಜಾಗದಲ್ಲಿ, ಎಂದೋ ರಾಗಿ ತುಂಬಿ ಸವೆದ ಗೋಣಿಚೀಲದ ಎಳೆ ಸೇರಿಕೊಂಡಿತು. ಮೇಲೆ ಹುಣಸೆಬೀಜದ ಗಂಜಿ ಸವರಿ ತೆಂಗಿನ ಸಿಪ್ಪೆಯಿಂದ ಉಜ್ಜಿದ ಮೇಲೆ ಗುರುತೇ ಉಳಿಯಲಿಲ್ಲ. ಸಿದ್ದಾಜಮ್ಮ ಅದನ್ನು ಅಂದೇ ಮರೆತಳು. ನಾನು ಒಂದು ದಿನವೂ ಮರೆಯಲಿಲ್ಲ.

ಮೊದಲು ನನ್ನನ್ನು ಕೊಂಡವರು ಊರ ಗೌಡರ ಮನೆಯವರು. ಬಾವಿಗೆ ಹಾಕಿದರು. ಅಬ್ಬಾ, ಆ ಬಾವಿ! ಕೊಡ ಕೆಳಗಿಳಿಯುವಾಗ ಕತ್ತಲು, ಮೇಲೇರುವಾಗ ಭಾರ. ನನ್ನ ಹುಳುಕು ರಾಟೆಯ ಮೇಲೆ ಬಂದಾಗಲೆಲ್ಲ ಒಳಗೆ ಗೋಣಿ ಎಳೆ ಕರ್‌ ಎನ್ನುತ್ತಿತ್ತು. ಗೌಡರ ಸೊಸೆ ತನ್ನ ಪಾಡಿಗೆ ಅತ್ತೆಯನ್ನು ಬೈದುಕೊಳ್ಳುತ್ತ ನೀರು ಸೇದುತ್ತಿದ್ದಳು. ನನಗೆ ಮಾತ್ರ ಪ್ರತಿ ಕೊಡವೂ ಒಂದು ಮರುಹುಟ್ಟು. ಮನೆಗೆ ನಲ್ಲಿ ಬಂದ ಮೇಲೆ ನನ್ನನ್ನು ಅಟ್ಟಕ್ಕೆ ಎಸೆದರು. ಇಲಿಗಳ ನಡುವೆ ಆ ಎರಡು ವರ್ಷ ನಾನು ಸುಖವಾಗಿದ್ದೆ ಎಂದರೆ ನಂಬಿ. ಯಾರೂ ನನ್ನನ್ನು ಎಳೆಯುತ್ತಿರಲಿಲ್ಲ.

ಆ ಸುಖಕ್ಕೂ ಕಲ್ಲು ಬಿತ್ತು. ಒಂದು ಬೆಳಿಗ್ಗೆ ಗೌಡರ ಹೆಂಡತಿ ನನ್ನನ್ನು ಅಟ್ಟದಿಂದ ಎಳೆದು ದುಂಡಮ್ಮನ ಕೈಗೆ ಕೊಟ್ಟಳು.

ದುಂಡಮ್ಮ ಕತ್ತೆಯ ಮೇಲೆ ಸಾಮಾನು ಸಾಗಿಸುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಅವನ ಕತ್ತೆಯನ್ನೂ ಅವನ ದಾರಿಯನ್ನೂ ತಾನೇ ಹಿಡಿದವಳು. ಹೆಸರು ದುಂಡಮ್ಮ, ಆಳು ಮಾತ್ರ ಕಡ್ಡಿ. ಅಂಗೈಗಳು ಎಷ್ಟು ಒರಟೆಂದರೆ ನನ್ನನ್ನು ಸವರಿದಾಗ ನನಗೇ ತರಚಿದಂತಾಯಿತು. ಅವಳ ಕತ್ತೆಯ ಹೆಸರು ಪಟೇಲ. ಊರ ಪಂಚಾಯಿತಿಗೆ ಹೊರಟವನ ಹಾಗೆ ಗಂಭೀರವಾಗಿ, ಯಾರಿಗೂ ದಾರಿ ಬಿಡದೆ ನಡೆಯುತ್ತಿದ್ದುದರಿಂದ ಆ ಹೆಸರು.

ಅಂದು ದುಂಡಮ್ಮ ಜಗಲಿಯ ಮೇಲೆ ಕುಳಿತು, ಪಟೇಲನ ಗೊರಸಿನ ವಿಷಯ ನೆರೆಮನೆಯವಳಿಗೆ ಹೇಳುತ್ತ, ನನ್ನನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳುಗಳ ನಡುವೆ ಜಾರಿಸಿದಳು. ಆಮೇಲೆ ನನ್ನ ಮೈಯನ್ನು ಒಂದು ಕಡೆ ಮೂರು ಮಡಿಕೆ ಮಡಚಿ, ಮಡಿಕೆಯ ಎರಡೂ ತುದಿಗೆ ನನ್ನದೇ ಕುಣಿಕೆ ಹಾಕಿ ಬಿಗಿದಳು. ಎಲ್ಲಿ ಎನ್ನುತ್ತೀರಿ? ಸರಿಯಾಗಿ ನನ್ನ ಹುಳುಕಿನ ಮೇಲೆ!

"ಏನಕ್ಕ ಅದು, ಹರಕೆ ಗಂಟಾ?" ಎಂದಳು ನೆರೆಯವಳು. ಬೆಟ್ಟ ಹತ್ತುವವರು ಬೆಟ್ಟದ ತಾಯಿಗೆ ಹರಕೆ ಹೊತ್ತು ಸೆರಗಿಗೋ ಹಗ್ಗಕ್ಕೋ ಗಂಟು ಹಾಕುವುದು ಅಲ್ಲಿಯ ರೂಢಿ.

"ಹೂಂ, ಅಂಗೇ ಅನ್ಕೊ" ಎಂದು ದುಂಡಮ್ಮ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

ಬೆಟ್ಟದ ತಾಯಿಯ ಕಣ್ಣು ಎಂಥ ಚುರುಕು ಎಂದು ನಾನು ಬೆರಗಾದೆ. ಇಷ್ಟುದ್ದದ ಮೈಯಲ್ಲಿ ಸರಿಯಾಗಿ ಅಲ್ಲೇ ಹರಕೆ ಹಾಕಿಸಿದ್ದಾಳೆ! ಅಂದಿನಿಂದ ಭಾರ ಎಳೆದಾಗ ಆ ಜಾಗದಲ್ಲಿ ನೋವೂ ಕಾಣಲಿಲ್ಲ. ಎಲ್ಲ ತಾಯಿಯ ಮಹಿಮೆ ಎಂದುಕೊಂಡೆ. ಹೀಗೆಂದುಕೊಂಡವನು ನಾನೊಬ್ಬನೇ ಅಲ್ಲ. ಬಿದರಟ್ಟಿಯ ಹೆಂಗಸರು ಆ ಗಂಟಿಗೆ ಕುಂಕುಮ ಹಚ್ಚತೊಡಗಿದರು. ಬೆಟ್ಟಕ್ಕೆ ಹೊರಟವರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ದುಂಡಮ್ಮ ಬೇಡ ಎನ್ನುತ್ತಿರಲಿಲ್ಲ, ಹೂಂ ಎನ್ನುತ್ತಲೂ ಇರಲಿಲ್ಲ.

ಈಗ ನಮ್ಮ ದಾರಿಯ ವಿಷಯ ಹೇಳುತ್ತೇನೆ. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬೆಟ್ಟದ ನೆತ್ತಿಯ ಹತ್ತಿರ ಹಾಲುಕಲ್ಲುದೊಡ್ಡಿ ಎಂಬ ಹಾಡಿ, ಕಾಡಿನೊಳಗಿನ ಪುಟ್ಟ ಊರು. ಅಲ್ಲೊಂದು ಶಾಲೆ, ಹದಿನೇಳು ಮಕ್ಕಳು. ಗಾಡಿ ಹೋಗುವ ದಾರಿಯಿಲ್ಲ. ಮಕ್ಕಳ ಬಿಸಿಯೂಟದ ಅಕ್ಕಿ, ಬೇಳೆ, ಎಣ್ಣೆ, ಮೊಟ್ಟೆ, ಪುಸ್ತಕ ಎಲ್ಲವೂ ಪಟೇಲನ ಬೆನ್ನ ಮೇಲೆ ಹೋಗಬೇಕು. ಪ್ರತಿ ಸೋಮವಾರ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಶಾಲೆ. ಅಷ್ಟನ್ನೂ ಪಟೇಲನ ಬೆನ್ನಿಗೆ ಕಟ್ಟಿ ಹಿಡಿಯುವುದು ಯಾರು? ಈ ಪುಕ್ಕಲು.

ಮಂಡಿಗಲ್ಲು ಎಂಬ ಏರಿನಲ್ಲಿ ಹತ್ತುವವರ ಮಂಡಿ ಗದ್ದಕ್ಕೆ ತಾಗುತ್ತದೆ. ಎಡಕ್ಕೆ ಬಂಡೆ, ಬಲಕ್ಕೆ ಏನೂ ಇಲ್ಲ. ಒಮ್ಮೆ ಅಲ್ಲಿ ಪಟೇಲನ ಹಿಂಗಾಲು ಜಾರಿತು. ಮೂಟೆಗಳೆಲ್ಲ ಬಲಕ್ಕೆ ವಾಲಿದವು. ಗಂಟು ಸಡಿಲವಾದರೆ, ಗೋಣಿ ಎಳೆ ಬಿಚ್ಚಿಕೊಂಡರೆ, ಅಕ್ಕಿ ಹೋಗುತ್ತದೆ, ಪಟೇಲ ಹೋಗುತ್ತಾನೆ, ಹಿಂದೆ ನಿಂತವಳೂ ಹೋಗುತ್ತಾಳೆ. ದುಂಡಮ್ಮ ಮೂಟೆಗೆ ಹೆಗಲು ಕೊಟ್ಟು, "ಎದ್ದೇಳಪ್ಪ ಪಟೇಲ, ನಿನ್ ಕಾಲ್ ಕಟ್ಕೊತೀನಿ" ಎಂದು ಗೋಗರೆದಳು. ಪಟೇಲ ಎದ್ದ. ಬುಟ್ಟಿಯಲ್ಲಿದ್ದ ಮೊಟ್ಟೆಗಳ ಪೈಕಿ ಎರಡು ಮಾತ್ರ ಒಡೆದಿದ್ದವು. ಆ ದಾರಿಯಲ್ಲಿ ನನ್ನ ಕಷ್ಟ ಅರ್ಥವಾಗುತ್ತಿದ್ದುದು ಮೊಟ್ಟೆಗಳಿಗೆ ಮಾತ್ರ.

ಇನ್ನೊಮ್ಮೆ ನಡುಹಗಲಿನಲ್ಲೇ ಬಿದಿರುಮೆಳೆಯ ಹಿಂದೆ ಆನೆ. ಕಾಣಿಸಲಿಲ್ಲ, ಹೊಟ್ಟೆ ಗುಡುಗುಟ್ಟುವುದು ಕೇಳಿಸಿತು. ದುಂಡಮ್ಮ ಪಟೇಲನ ಮೂಗಿನ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದು, ಉಸಿರು ಬಿಗಿಹಿಡಿದು ನಿಂತಳು. ಎಷ್ಟು ಹೊತ್ತೋ ತಿಳಿಯದು. ಅವಳ ಮುಖದಲ್ಲಿ ಏನೂ ಇರಲಿಲ್ಲ, ಆದರೆ ಅಂಗೈ ಬೆವರಿ ನನ್ನ ನಾರು ಒದ್ದೆಯಾಯಿತು. ಇವಳಿಗೂ ಭಯವಿದೆ ಎಂದು ನನಗೆ ಅಂದೇ ಗೊತ್ತಾದದ್ದು. ಭಯಪಟ್ಟವಳು ಮುಂದಿನ ಸೋಮವಾರ ಮತ್ತೆ ಹೊರಟಿದ್ದು ಮಾತ್ರ ನನಗೆ ಅರ್ಥವಾಗಲಿಲ್ಲ.

ಹೀಗೆ ಎಂಟು ವರ್ಷ. ಎಂಟು ವರ್ಷವೂ ನನ್ನ ಗುಟ್ಟು ನನ್ನೊಳಗೆ. ಯಾರಿಗೂ ಗೊತ್ತಿಲ್ಲ, ಹೇಳಲು ನನಗೆ ಬಾಯಿಲ್ಲ.

ಆ ಶಾಲೆಗೆ ಬಾಗಲಕೋಟೆ ಕಡೆಯಿಂದ ಒಬ್ಬ ಮೇಷ್ಟ್ರು ಬಂದಿದ್ದರು. ಗುರುಪಾದಪ್ಪ ಹೂಗಾರ ಎಂದು ಹೆಸರು. ಬಯಲುಸೀಮೆಯವರು, ಈಜು ಬಾರದು, ಆದರೆ ಮಕ್ಕಳೆಂದರೆ ಪ್ರಾಣ. ಆ ವರ್ಷ ದಸರಾ ರಜೆ ಮುಗಿದು ಶಾಲೆ ತೆರೆಯಿತು. ಮಳೆಯ ದೆಸೆಯಿಂದ ಸಾಮಾನು ಮಾತ್ರ ಬಂದಿರಲಿಲ್ಲ. ಅಡುಗೆಯ ಕೇತಮ್ಮ ಹಾಡಿಯ ಮನೆಮನೆಯಿಂದ ರಾಗಿಹಿಟ್ಟು ಬೇಡಿ ತಂದು ಗಂಜಿ ಕಾಯಿಸಿದಳು. ಅದೂ ಮುಗಿದು ಎರಡು ದಿನ ಶಾಲೆಯ ಒಲೆ ಹೊತ್ತಲಿಲ್ಲ. ದೂರದ ಜೋಪಡಿಗಳಿಂದ ನಡೆದು ಬರುವ ಮಕ್ಕಳಲ್ಲಿ ನಾಲ್ವರು ಬರುವುದನ್ನೇ ಬಿಟ್ಟರು. ಹೂಗಾರ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ತಾವೇ ಇಳಿದು ಬಂದು ದುಂಡಮ್ಮನ ಬಾಗಿಲಲ್ಲಿ ನಿಂತರು.

"ಯವ್ವಾ, ಇವತ್ತ ಹೆಂಗರ ಮಾಡಿ ಅಕ್ಕಿ ಮ್ಯಾಲ ಮುಟ್ಟಬೇಕ್ರಿ."

"ಮುಟ್ಸನ ಬುಡಿ ಮೇಷ್ಟ್ರೇ. ನಡೀರಿ" ಎಂದಳು ದುಂಡಮ್ಮ.

ಮಂಡಿಗಲ್ಲು ದಾಟಿದೆವು. ಬಿದಿರುಮೆಳೆ ದಾಟಿದೆವು. ಶಾಲೆಗೆ ಇನ್ನು ಅರ್ಧ ಗಂಟೆಯ ದಾರಿ ಎನ್ನುವಾಗ ಉಡದ ಹಳ್ಳದ ಸದ್ದು ಕೇಳಿಸಿತು. ಎಂದೂ ಪಟೇಲನ ಮಂಡಿಗೆ ಬರದ ನೀರು ಅಂದು ಕೆಂಪಗೆ, ದಡ ತುಂಬಿ, ಮರದ ಬೊಡ್ಡೆಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು. ಮೇಷ್ಟ್ರು ಇಳಿದು ಬಂದ ಬಳಿಕ ಮೇಲೆಲ್ಲೋ ಸುರಿದ ಮಳೆ. ಆಚೆ ದಡದಲ್ಲಿ ಕೇತಮ್ಮ ಬಂದು ಕಾಯುತ್ತ ನಿಂತಿದ್ದಳು.

ನೀರು ನೋಡಿ ಪಟೇಲ ಬೆದರಿದ. ಸಾಮಾನು ಇಳಿಸಿ ಅವನನ್ನು ಮೇಲಿನ ದಿಣ್ಣೆಯಲ್ಲಿ ಕಟ್ಟಿದರು. ದುಂಡಮ್ಮ ನನ್ನ ಒಂದು ತುದಿಯನ್ನು ದಡದ ಹೊಂಗೆ ಮರಕ್ಕೆ ಸುತ್ತಿ ಕಟ್ಟಿದಳು. ಗಂಟಿಗೆ ಹತ್ತಿರದ ತುದಿ ಅದು. ಇನ್ನೊಂದು ತುದಿಗೆ ಕಲ್ಲು ಕಟ್ಟಿ ಆಚೆಗೆ ಎಸೆದಳು. ಕಲ್ಲು ಮುಟ್ಟಲಿಲ್ಲ. ಮತ್ತೆ ಎಸೆದಳು. ಒಂದೇ ಒಂದು ಮಾರು ಕಮ್ಮಿ.

"ಒಸಿ ತಾಳಿ ಮೇಷ್ಟ್ರೇ, ಪಟೇಲನ ಹೊಟ್ಟೆಪಟ್ಟಿ ಬಿಚ್ಕ ಬತ್ತೀನಿ. ಅದ ಸೇರ್ಸಿದ್ರೆ ಸಾಕಾಯ್ತದೆ. ಅಲ್ಲೀಗಂಟ ನೀರ್ಗೆ ಇಳೀಬ್ಯಾಡಿ" ಎಂದು ದುಂಡಮ್ಮ ದಿಣ್ಣೆ ಹತ್ತಿದಳು.

ಮೇಷ್ಟ್ರು ನೀರು ನೋಡುತ್ತ ನಿಂತರು. ನೋಡುನೋಡುತ್ತಿದ್ದಂತೆ ಹಳ್ಳದ ನಡುವಿನ ಒಂದು ಬಂಡೆ ಮುಳುಗಿತು. ಆಚೆಯಿಂದ ಕೇತಮ್ಮ ಕೂಗಿದಳು, "ಮೇಷ್ಟ್ರೇ, ನೀರು ಏರ್ತಾ ಅದೆ! ಇವತ್ತೂ ಒಲೆ ಹಚ್ಚಕ್ಕಾಗಲ್ವಾ?"

ಮೇಷ್ಟ್ರ ಕಣ್ಣು ನನ್ನ ಗಂಟಿನ ಮೇಲೆ ಬಿತ್ತು.

"ಒಂದ್ ಮಾರು ಇದರಾಗ ಸಿಕ್ಕೊಂಡೈತಿ" ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. ಗಂಟು ಮುಟ್ಟಿ ಕಣ್ಣಿಗೊತ್ತಿಕೊಂಡರು. "ತಾಯಿ, ತಪ್ಪಾತು, ಹೊಟ್ಟ್ಯಾಗ ಹಾಕ್ಕೋ. ಮಕ್ಕಳ ಸಲುವಾಗಿ ಬಿಚ್ಚಾಕತ್ತೀನಿ" ಎಂದವರೇ ಎಂಟು ವರ್ಷದ ಕುಂಕುಮ ಕೂತ ಕುಣಿಕೆಗಳನ್ನು ಕಿತ್ತು ಬಿಚ್ಚಿಬಿಟ್ಟರು.

ಬೇಡ ಎಂದು ಕೂಗಬೇಕೆನಿಸಿತು. ಹಗ್ಗ ಹೇಗೆ ಕೂಗುತ್ತದೆ? ಕಲ್ಲು ಹಾರಿತು. ಕೇತಮ್ಮ ಹಿಡಿದು ಆಚೆಯ ಮತ್ತಿ ಮರಕ್ಕೆ ಬಿಗಿದಳು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಅಕ್ಕಿಯ ಸಣ್ಣ ಮೂಟೆಯೊಂದನ್ನು ಹೆಗಲಿಗೇರಿಸಿ, ಒಂದು ಕೈಯಲ್ಲಿ ನನ್ನನ್ನು ಹಿಡಿದು ನೀರಿಗಿಳಿದರು.

ಎಂಟು ವರ್ಷ ಭಾರ ಕಾಣದ ಗೋಣಿ ಎಳೆ ಬಿಗಿಯಿತು. ನೀರು ಮೇಷ್ಟ್ರ ಮಂಡಿಗೆ, ತೊಡೆಗೆ, ಸೊಂಟಕ್ಕೆ ಬಂತು. ನಡುಹಳ್ಳದಲ್ಲಿ ಅವರ ಕಾಲು ತೇಲಿತು. ಅವರ ಪೂರ್ತಿ ಭಾರ ನನ್ನ ಮೇಲೆ ಬಿತ್ತು. ಟಪ್‌ ಎಂದಿತು. ಗೋಣಿ ಎಳೆ ಹೋಯಿತು. ಉಳಿದ ಎರಡು ಎಳೆಗಳ ನಾರು ಒಂದೊಂದಾಗಿ ಸಿಡಿಯತೊಡಗಿತು. ನನ್ನ ಆಯಸ್ಸಿನಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು, ಅದೇ ಕೊನೆ. ಸಾಯುತ್ತೇನೆಂದಲ್ಲ. ನನ್ನನ್ನು ನಂಬಿ ಒಬ್ಬ ಮನುಷ್ಯ ನೀರಿನ ನಡುವೆ ನಿಂತಿದ್ದ, ಅವನಿಗೆ ಏನೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ದುಂಡಮ್ಮ ಪಟ್ಟಿ ಹಿಡಿದು ದಿಣ್ಣೆ ಇಳಿದಳು. ಮೇಷ್ಟ್ರನ್ನು ನೋಡಿದಳು. ಆಮೇಲೆ ನೀರಿನಂಚಿನಲ್ಲಿ ಗಂಟಿಲ್ಲದೆ ನೆಟ್ಟಗೆ ನಿಂತ ನನ್ನನ್ನು ನೋಡಿದಳು. ಅವಳ ಮುಖದ ಬಣ್ಣವೇ ಇಳಿದುಹೋಯಿತು. ಆದರೆ ಅವಳು ಕೂಗಲಿಲ್ಲ. ಕೂಗಿದ್ದರೆ ಮೇಷ್ಟ್ರು ತಿರುಗುತ್ತಿದ್ದರು, ತಿರುಗಿದ್ದರೆ ಜಗ್ಗುತ್ತಿದ್ದರು, ಜಗ್ಗಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಪಟ್ಟಿ ಎಸೆದು ತೊಡೆಯುದ್ದ ನೀರಿಗೆ ನುಗ್ಗಿದಳು. ನನ್ನ ಹುಳುಕಿನ ಆಚೆ ಒಂದು ಕೈಗೆ ಸುತ್ತು ಹಾಕಿಕೊಂಡಳು, ಈಚೆ ಇನ್ನೊಂದು ಕೈಗೆ ಸುತ್ತು ಹಾಕಿಕೊಂಡಳು. ಎರಡೂ ಕೈಗಳನ್ನು ಎದೆಗೆ ಅವುಚಿ, ಬಂಡೆಗೆ ಕಾಲು ಕೊಟ್ಟು, ಕಣ್ಣು ಮುಚ್ಚಿ ನಿಂತಳು.

ಆಗ ನನಗೆ ತಿಳಿಯಿತು. ಹುಡುಕಲಿಲ್ಲ ಅವಳು, ತಡಕಾಡಲಿಲ್ಲ. ಹನ್ನೆರಡು ಮಾರಿನಲ್ಲಿ ಆ ಒಂದು ಗೇಣು ಎಲ್ಲಿದೆ ಎಂದು ಅವಳ ಕೈಗೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು.

ಭಾರ ಈಗ ಅವಳ ಕೈಯಿಂದ ಕೈಗೆ ದಾಟುತ್ತಿತ್ತು, ನಡುವೆ ನಾನು ಸಡಿಲವಾಗಿ ನೇತಾಡುತ್ತಿದ್ದೆ. ಅಂಗೈಯ ಚರ್ಮ ನನ್ನ ನಾರಿಗೆ ಅಂಟಿಕೊಂಡು ಸುಲಿಯಿತು. ನೀರಿಗಿಂತ ಬೆಚ್ಚಗಿನದೇನೋ ನನ್ನೊಳಗೆ ಇಳಿಯಿತು, ಅದು ಅವಳ ರಕ್ತ.

"ಮುಟ್ಟಿದೆನ್ರೀ ಯವ್ವಾ! ತಾಯಿ ದೊಡ್ಡಾಕಿ!" ಎಂದು ಆಚೆಯಿಂದ ಮೇಷ್ಟ್ರು ಕೂಗಿದರು. ದುಂಡಮ್ಮ "ಹೂಂ" ಎಂದಳು, ಅಷ್ಟೇ. ದಡಕ್ಕೆ ಬಂದು ಕುಳಿತು ಒಂದಿಷ್ಟು ಹೊತ್ತು ಗಳಗಳ ಅತ್ತಳು. ಅದನ್ನು ನೋಡಿದವನು ನಾನೊಬ್ಬನೇ. ಆಮೇಲೆ ಮೂಗು ಒರೆಸಿಕೊಂಡು, ಅದೇ ರಕ್ತದ ಕೈಯಲ್ಲಿ ಮೂರು ಮಡಿಕೆ ಮಡಚಿ ಕುಣಿಕೆ ಹಾಕಿದಳು. ಕೇತಮ್ಮ ಬಿಚ್ಚಿಬಿಟ್ಟ ತುದಿಯನ್ನು ಎಳೆದುಕೊಂಡು, ಪಟೇಲನ ಪಟ್ಟಿ ಸೇರಿಸಿ ಮತ್ತೆ ಆಚೆಗೆ ಎಸೆದಳು. ಉಳಿದ ಸಾಮಾನು ದಾಟಿತು, ಕೊನೆಗೆ ಈಚೆಯ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ದುಂಡಮ್ಮನೂ ದಾಟಿದಳು. ಮೂರೂವರೆಗೆ ಶಾಲೆಯ ಒಲೆ ಹೊತ್ತಿತು. ಅಂದು ಮಕ್ಕಳು ಉಂಡ ಹಾಗೆ ನಾನು ಯಾರೂ ಉಂಡದ್ದನ್ನು ಕಂಡಿಲ್ಲ.

ಊಟ ಮುಗಿದ ಮೇಲೆ ಕೇತಮ್ಮ ದುಂಡಮ್ಮನ ಅಂಗೈಗೆ ಅರಿಸಿನ ಹಚ್ಚುತ್ತಿದ್ದಳು. ಮೇಷ್ಟ್ರು ತಲೆ ತಗ್ಗಿಸಿ ಬಂದು ನಿಂತರು.

"ಯವ್ವಾ, ನಿಮ್ಮ ಹರಕಿ ಗಂಟು ನಾ ಬಿಚ್ಚಿದ್ನಿ. ತಾಯಿ ಸಿಟ್ಟಾಗಿ ನಿಮ್ಮ ಕೈಗೆ ಹಿಂಗ ಮಾಡಿದ್ಳೇನೋ."

"ಯಾವ್ ಹರಕೆ ಮೇಷ್ಟ್ರೇ? ಅಲ್ಲಿ ಹಗ್ಗ ಹುಳುಕು, ಭಾರ ಬೀಳ್ದಂಗೆ ಮಡಚಿ ಕಟ್ಟಿದ್ದೆ" ಎಂದಳು ದುಂಡಮ್ಮ. ಅವರ ಬೆರಳು ಹಿಡಿದು ನನ್ನ ಮಡಿಕೆಯೊಳಗೆ ತೂರಿಸಿದಳು. ಹರಿದ ಗೋಣಿ ಎಳೆ ಮೇಷ್ಟ್ರ ಬೆರಳಿಗೆ ಸಿಕ್ಕಿತು. ಅವರು ಅದನ್ನು ಹಿಡಿದುಕೊಂಡೇ ಅವಳ ಪಕ್ಕ ಕುಳಿತರು.

"ಹೇಳಬಾರದಿತ್ತೇನ್ರಿ ಯವ್ವಾ?" ಎಂದರು.

"ಹೇಳ್ಬೇಕಿತ್ತು. ತಪ್ಪು ನಂದೇಯ. ಹುಳುಕು ಅಂದ್ರೆ ಇದ್ರಲ್ಲಿ ಯಾರ್ ತಾನೆ ಮೂಟೆ ಕಟ್ಟುಸ್ತಿದ್ರು? ಅದ್ಕೇ ಜನ ಹರಕೆ ಅಂದ್ರು, ನಾನೂ ಸುಮ್ಕಾದೆ."

"ಬ್ಯಾರೆ ಹಗ್ಗ ತಗೋಬೇಕಿತ್ತು."

ದುಂಡಮ್ಮ ನನ್ನನ್ನು ತೊಡೆಯ ಮೇಲೆಳೆದುಕೊಂಡಳು. "ಬ್ಯಾರೆ ಹಗ್ಗ ಎಲ್ಲಿ ಕೈಕೊಡ್ತದೋ ನಂಗೊತ್ತಾಗಲ್ಲ ಮೇಷ್ಟ್ರೇ. ಆ ದಾರೀಲಿ ಅದೇ ಭಯ. ಇದು ಎಲ್ಲಿ ಅಂತ ನಂಗೊತ್ತು."

ಎಂಟು ವರ್ಷ ನಾನು ಗುಟ್ಟೆಂದು ಬಚ್ಚಿಟ್ಟುಕೊಂಡಿದ್ದು ಇವಳ ಬೆರಳ ತುದಿಯಲ್ಲಿತ್ತು. ನಾನು ನಾಚಿಕೊಂಡೆ. ನಾಚಿಕೆಗಿಂತ ಹೆಚ್ಚಾಗಿ ಹಗುರಾದೆ.

ಆಮೇಲೆಯೂ ಹಲವು ವರ್ಷ ಬೆಟ್ಟ ಹತ್ತಿದೆವು. ಹೆದರಿಕೆ ಹೋಯಿತೇ ಎಂದರೆ, ಇಲ್ಲ. ಮಂಡಿಗಲ್ಲಿನಲ್ಲಿ ಬಲಕ್ಕೆ ನೋಡುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ. ದುಂಡಮ್ಮನ ಮಂಡಿ ಸೋತ ಮೇಲೆ ಬೇರೆಯವರು ಬೇರೆ ಹಗ್ಗ ತಂದರು. ನನ್ನನ್ನು ಶಾಲೆಯಲ್ಲೇ ಉಳಿಸಿಕೊಂಡರು. ಈಗ ನಾನು ಸಾಮಾನಿನ ಕೋಣೆಯ ಮೊಳೆಗೆ ನೇತುಬಿದ್ದಿದ್ದೇನೆ. ವರ್ಷಕ್ಕೊಮ್ಮೆ ಮಕ್ಕಳ ಹಗ್ಗಜಗ್ಗಾಟಕ್ಕೆ ಇಳಿಸುತ್ತಾರೆ. ಹೂಗಾರ ಮೇಷ್ಟ್ರು ವರ್ಗವಾಗಿ ಊರಿಗೆ ಹೊರಟ ದಿನ, ಹೊಸದಾಗಿ ಬಂದ ಟೀಚರಮ್ಮ ನನ್ನ ಗಂಟಿಗೆ ಕೈ ಮುಗಿಯಲು ಹೋದರು. "ಕೈ ಮುಗಿಯೂದು ಆಮ್ಯಾಲ್ರಿ. ಮೊದಲ ಇಲ್ಲಿ ಬೆರಳ ಹಾಕಿ ನೋಡ್ರಿ" ಎಂದು ಅವರು ನನ್ನ ಹುಳುಕನ್ನು ತೋರಿಸಿಯೇ ಹೋದರು.

ಹೋದ ವರ್ಷ ಹಾಡಿಯ ಮದುವೆಯೊಂದಕ್ಕೆ ದುಂಡಮ್ಮ ಬಂದಿದ್ದಳು. ನಡೆದು ಅಲ್ಲ, ಪಟೇಲನ ಮಗಳ ಬೆನ್ನ ಮೇಲೆ, ತಾನೇ ಒಂದು ಮೂಟೆಯಾಗಿ. ಕಣ್ಣಿಗೆ ಪೊರೆ ಬಂದಿದೆ. ಟೀಚರಮ್ಮ ನನ್ನನ್ನು ಮೊಳೆಯಿಂದ ತೆಗೆದು ಅವಳ ಮಡಿಲಿಗೆ ಹಾಕಿದರು. ಅವಳು ಮಾತಾಡುತ್ತಲೇ ನನ್ನನ್ನು ಬೆರಳುಗಳ ನಡುವೆ ಜಾರಿಸತೊಡಗಿದಳು. ಒಂದು ಮಾರು, ಎರಡು ಮಾರು. ಮೂರನೆಯದರ ಕೊನೆಗೆ ಬೆರಳು ನಿಂತಿತು, ಮಾತೂ ನಿಂತಿತು. ಸುಲಿದು ಮಾಯ್ದ ಅಂಗೈಯ ಕಲೆ ನನ್ನ ಹುಳುಕಿನ ಮೇಲೆ ಬಂದು ಕೂತಿತು.

"ಇಲ್ಲೇ ಇದ್ದೀಯಾ" ಎಂದಳು.